ಮೂರನೇ ಬಕೆಟ್

ಹೊಳಲ್ಕೆರೆ

ಹೊರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ "ಊಟಕ್ಕೇನ್ ಮಾಡಿದ್ರಿ?" ಹೋದ ದೇಶ ನೆದರ್ಲೆಂಡ್ ಆಗಿದ್ದರೆ ಎರಡನೆಯದು "ಟ್ಯೂಲಿಪ್ ನೋಡಿದ್ರಾ?" ಎರಡಕ್ಕೂ ಈಗಲೇ ಉತ್ತರ ಹೇಳಿ ಮುಗಿಸುತ್ತೇನೆ. ಬ್ರೆಡ್ಡು. ಇಲ್ಲ. ನವೆಂಬರಿನಲ್ಲಿ ಅಲ್ಲಿ ಹೂವಿರುವುದಿಲ್ಲ, ಮಳೆಯಿರುತ್ತದೆ. ಅಲ್ಲದೆ ನಾವು ಹೋಗಿದ್ದು ಹೂವು ನೋಡಲಿಕ್ಕಲ್ಲ, ಗೋಡೆ ನೋಡಲಿಕ್ಕೆ.

ನನ್ನ ಸೋದರಮಾವ ರುದ್ರಪ್ಪನವರದು ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯಲ್ಲಿ ಒಂದು ಸಿಮೆಂಟ್ ಯಾರ್ಡ್. ಬಾವಿಗೆ ಇಳಿಸುವ ರಿಂಗು, ಚರಂಡಿ ಮುಚ್ಚುವ ಚಪ್ಪಡಿ, ತೆಂಗಿನ ತೋಟದ ಸುತ್ತ ನಿಲ್ಲಿಸುವ ಕಾಂಪೌಂಡ್ ಸ್ಲ್ಯಾಬು ಅಲ್ಲಿ ತಯಾರಾಗುತ್ತವೆ. ಅವರಿಗೆ ಯಾರೋ ಪುಣ್ಯಾತ್ಮರು ಫೋನಿಗೆ ಒಂದು ವಿಡಿಯೋ ಕಳಿಸಿದರು. ದೊಡ್ಡದೊಂದು ಕಬ್ಬಿಣದ ತೋಳು, ಅದರ ತುದಿಗೊಂದು ಮೂತಿ. ಆ ಮೂತಿಯಿಂದ ಗಾರೆ ಎಳೆಯೆಳೆಯಾಗಿ ಇಳಿದು, ಪದರದ ಮೇಲೆ ಪದರ ಕೂತು, ನೋಡನೋಡುತ್ತ ಮನೆಯ ಗೋಡೆ ಏಳುತ್ತದೆ.

"ಚಕ್ಲಿ ಒತ್ತಿದಂಗೆ ಮನೆ ಒತ್ತುತೈತಲ್ಲೇ!" ಎಂದರು ಮಾವ. ಅವತ್ತಿನಿಂದ ಅವರ ನಿದ್ದೆ ಹೋಯಿತು. ಅವರ ಬಾಯಿ ಮುಚ್ಚಿಸಲು ಹೋಗಿ ನನ್ನದೂ ಹೋಯಿತು.

ನಾನು ಹಿರಿಯೂರಿನಲ್ಲಿ ಅತಿಥಿ ಉಪನ್ಯಾಸಕಿ. ಇಂಗ್ಲಿಷ್ ಪಾಠ ಮಾಡುತ್ತೇನೆ. ಶಾಲೆ ಓದಿದ್ದು ಸಿರಿಗೆರೆಯಲ್ಲಿ. ಅಲ್ಲಿ ನಮ್ಮ ಮೇಷ್ಟ್ರೊಬ್ಬರು ಒಂದೇ ವಿಷಯದ ಮೇಲೆ ಬೆಳಿಗ್ಗೆ ಪರವಾಗಿ, ಸಂಜೆ ವಿರೋಧವಾಗಿ ಮಾತನಾಡಿಸುತ್ತಿದ್ದರು. ಆ ಅಭ್ಯಾಸ ಮೈಗೆ ಅಂಟಿದೆ. ಯಾರಾದರೂ ಉತ್ಸಾಹದಿಂದ ಏನಾದರೂ ಹೇಳಿದರೆ ನನ್ನ ತಲೆ ತಾನಾಗಿಯೇ ಎದುರು ಬೆಂಚಿಗೆ ಹೋಗಿ ಕೂರುತ್ತದೆ. ಯಂತ್ರ ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ? ಕಲ್ಲು ಪುಡಿ ಮಾಡಿದ ನಮ್ಮ ಎಂ-ಸ್ಯಾಂಡು ಆ ಮೂತಿಯಲ್ಲಿ ಹಾಯುತ್ತದೆಯೇ? ಕರೆಂಟ್ ಹೋದರೆ ಅರ್ಧ ಗೋಡೆ ಗಾಳಿಯಲ್ಲಿ ನಿಲ್ಲಬೇಕೇ? ಹೀಗೆ ಕೇಳಿಯೇ ಕೇಳಿದೆ. ಮಾವ ಎಲ್ಲವನ್ನೂ ಕೇಳಿಸಿಕೊಂಡು, "ನೀನೂ ಬಾ. ಇವನ್ನೆಲ್ಲ ಅವರನ್ನೇ ಕೇಳುವಂತಿ," ಎಂದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ವಾದಿ ಅಂತ ಹೊರಟವಳು ದುಭಾಷಿಯಾಗಿ ವಿಮಾನ ಹತ್ತಿದೆ.

ಮೂರನೆಯವಳು ತಬಸ್ಸುಮ್. ಮಾವನ ಯಾರ್ಡಿನ ಹಿರಿಯ ಮೇಸ್ತ್ರಿ ಖಲಂದರ್ ಸಾಬರ ಮಗಳು. ಚಿತ್ರದುರ್ಗದ ಕೋಟೆಯ ಕೆಳಗಿನ ಓಣಿಯಲ್ಲಿ ತಲೆತಲಾಂತರದಿಂದ ಗಾರೆ ಕೆಲಸ ಮಾಡಿಕೊಂಡು ಬಂದ ಮನೆ ಅವರದು. ಈ ಹುಡುಗಿ ಸಿವಿಲ್ ಡಿಪ್ಲೊಮಾ ಮುಗಿಸಿ ಅದೇ ಯಾರ್ಡಿನಲ್ಲಿ ಗಾರೆಯ ಪಾಕ, ಅಂದರೆ ಕಲಸುವ ಹದ, ನೋಡಿಕೊಳ್ಳುತ್ತಿದ್ದಳು. ಆ ಯಂತ್ರ ಮಾಡುವ ಕಂಪನಿಯವರು ಪ್ರತಿ ವರ್ಷ ಒಬ್ಬರನ್ನು ಆರಿಸಿ, ಒಂದು ವರ್ಷ ಇಟ್ಟುಕೊಂಡು ಉಚಿತವಾಗಿ ಕಲಿಸುತ್ತಾರೆ. ಆರಿಸುವುದಕ್ಕೆ ಅವರ ಅಂಗಳದಲ್ಲೇ ಒಂದು ವಾರದ ಪರೀಕ್ಷೆ. ಆ ಪರೀಕ್ಷೆಗೆ ತಬಸ್ಸುಮ್‌ಗೆ ಕರೆ ಬಂದಿತ್ತು.

ಮಾವನ ಲೆಕ್ಕ ನೇರ. "ಹುಡುಗಿಗೆ ಸೀಟ್ ಸಿಕ್ರೆ ಯಂತ್ರ ತರಾಣ. ಸಿಗ್ಲಿಲ್ಲ ಅಂದ್ರೆ ಬ್ಯಾಡ. ನಡೆಸೋರಿಲ್ದ ಯಂತ್ರ ತಂದು ಕುಂಕುಮ ಹಚ್ಚಿ ಪೂಜೆ ಮಾಡ್ಲಾ?"

ಖಲಂದರ್ ಸಾಬರಿಗೆ ಮಗಳನ್ನು ಕಳಿಸಲು ಮನಸ್ಸಿರಲಿಲ್ಲ. ಯಂತ್ರ ಬಂದರೆ ತಮ್ಮ ಕೈಕೆಳಗಿನವರ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಹೊರಡುವ ದಿನ ಬಂದು, "ನೋಡ್ರಿ ರುದ್ರಣ್ಣಾ, ಆ ಪೀಡೆ ಬಂದೇ ಬರ್ತೈತೆ ಅನ್ನೋದಾದ್ರೆ ನನ್ ಮಗಳ ಕೈಯಾಗೆ ಬರ್ಲಿ," ಎಂದರು. ನನ್ನ ಕಡೆ ತಿರುಗಿ, "ನೀವು ಜೊತೆಗಿದೀರಿ ಅಂತ ಕಳಿಸ್ತಾ ಇದೀನಿ ಮೇಡಂ," ಎಂದರು. ಅಲ್ಲಿಗೆ ನಾನು ಹೊರಡುವುದಿಲ್ಲ ಅನ್ನುವ ದಾರಿಯೂ ಮುಚ್ಚಿತು.

ಗಾಳಿಯ ನಾಡು

ಇಳಿದ ಊರಿನಿಂದ ಕಂಪನಿಯ ಊರಿಗೆ ರೈಲು. ಕಿಟಕಿಯಾಚೆ ಬೂದು ಆಕಾಶ, ಹಸಿರು ನೆಲ. ನೆಲ ಮುಗಿಯುವಲ್ಲಿ ಸಾಲಾಗಿ ಬಿಳೀ ಗಾಳಿಯಂತ್ರಗಳು ತಿರುಗುತ್ತಿದ್ದವು. ಮಾವ ನಿದ್ದೆಗಣ್ಣಲ್ಲಿ ಅವನ್ನೇ ನೋಡಿದರು.

"ಇದನ್ನ ನೋಡಾಕೆ ಇಷ್ಟು ದೂರ ಬಂದ್ವಾ? ನಮ್ ಜೋಗಿಮಟ್ಟಿ ಗುಡ್ಡದ ಮ್ಯಾಲೆ ಬೇಕಾದಷ್ಟು ಅವೆ."

ಇನ್ನೊಂದಿಷ್ಟು ದೂರದಲ್ಲಿ ಉದ್ದಕ್ಕೂ ಹುಲ್ಲು ಬೆಳೆದ ಮಣ್ಣಿನ ದಿಬ್ಬ ಕಂಡಿತು. ಸಮುದ್ರವನ್ನು ತಡೆದಿರುವುದು ಅದೇ, ನಾವು ಕೂತಿರುವ ನೆಲ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿದೆ ಎಂದು ತಬಸ್ಸುಮ್ ಓದಿಕೊಂಡಿದ್ದನ್ನು ಹೇಳಿದಳು. ಮಾವ ಮೂಗು ಮುರಿದರು. "ನಮ್ ಮಾರಿಕಣಿವೆ ಅಣೆಕಟ್ಟೆ ನೋಡ್ದೋರಿಗೆ ಇದು ಹೊಲದ ಬದು ಕಣವ್ವ."

ಆದರೆ ಸ್ಟೇಷನ್ನಿನಿಂದ ನಡೆಯುವಾಗ ಅವರ ಕಣ್ಣು ನೆಲದ ಮೇಲೇ ಇತ್ತು. ರಸ್ತೆ ಇಟ್ಟಿಗೆ, ಗೋಡೆ ಇಟ್ಟಿಗೆ, ಚರಂಡಿಯ ಅಂಚೂ ಇಟ್ಟಿಗೆ. ಬಗ್ಗಿ ನೋಡಿದರೂ ಒಂದು ಕಲ್ಲಿಲ್ಲ. ಚಿತ್ರದುರ್ಗದಲ್ಲಿ ಹುಟ್ಟಿದವರಿಗೆ ಕಲ್ಲು ಕಣ್ಣಿಗೆ ಬೀಳುವ ವಸ್ತುವೇ ಅಲ್ಲ, ಆಕಾಶದ ಹಾಗೆ ಅದು ಇದ್ದೇ ಇರುತ್ತದೆ. ಅದು ಇಲ್ಲದಾಗ ಮಾತ್ರ ಕಾಣುತ್ತದೆ. "ಪಾಪ, ನಾಯಿಗೆ ಹೊಡೆಯಾಕೂ ಒಂದು ಕಲ್ಲಿಲ್ಲ ಇವರಿಗೆ," ಎಂದರು ಮಾವ ನಿಜವಾದ ಮರುಕದಿಂದ. ಬೀದಿನಾಯಿಯೂ ಇಲ್ಲ ಎಂದು ನಾನು ತಿದ್ದಿದೆ. ಅವರು ಮತ್ತಷ್ಟು ಮರುಗಿದರು.

ಗಾಳಿ ಮಾತ್ರ ಬಿಡುವಿಲ್ಲದ್ದು. ನಾವು ಛತ್ರಿ ಬಿಚ್ಚಿದೆವು, ಗಾಳಿ ಅದನ್ನು ಮಡಚಿ ಕೊಟ್ಟಿತು. ಅಲ್ಲಿಯ ಜನ ಛತ್ರಿಯನ್ನೇ ಹಿಡಿಯುವುದಿಲ್ಲ. ಸೈಕಲ್ ಮೇಲೆ ನೆನೆಯುತ್ತ ಹೋಗುತ್ತಾರೆ, ಮುಖದಲ್ಲಿ ದೂರಿಲ್ಲ. ನನಗೆ ಅದು ತಾಳ್ಮೆಯೋ ಹಟವೋ ತಿಳಿಯಲಿಲ್ಲ. ಕೇಳುವಷ್ಟು ತ್ರಾಣವೂ ಇರಲಿಲ್ಲ.

ಪರದೆ ಇಲ್ಲದ ಮನೆ

ಕಂಪನಿಯ ಅತಿಥಿಗೃಹ ಪರೀಕ್ಷೆ ನಡೆಯುವ ಅಂಗಳಕ್ಕೆ ಎದುರಿಗೇ. ಏಣಿಯಷ್ಟು ಕಡಿದಾದ ಮೆಟ್ಟಿಲು. ಪೆಟ್ಟಿಗೆಗಳನ್ನು ತಲೆಯಿಂದ ನೂಕಿ ಹತ್ತಿಸಿದೆವು. ಕೋಣೆಯಲ್ಲಿ ಗೋಡೆಯಗಲ ಕಿಟಕಿ, ಅದಕ್ಕೆ ಪರದೆಯೇ ಇಲ್ಲ. ಕೆಳಗೆ ಬೀದಿ, ಎದುರು ಮನೆಯಲ್ಲೂ ಪರದೆ ಇಲ್ಲ. ಒಬ್ಬಾಕೆ ದೀಪ ಹಾಕಿಕೊಂಡು ಬೀನ್ಸ್ ಸೋಸುತ್ತಿದ್ದುದು ನಾಟಕದ ರಂಗದ ಹಾಗೆ ಕಾಣುತ್ತಿತ್ತು. ಬೀದಿಯಲ್ಲಿ ಹೋಗುವವರು ಯಾರೂ ತಲೆಯೆತ್ತಿ ನೋಡಲಿಲ್ಲ. ಅವರು ನೋಡುವುದಿಲ್ಲವೆಂಬುದೇ ಅಲ್ಲಿಯ ಪರದೆ ಎಂದು ಆಮೇಲೆ ಅರ್ಥವಾಯಿತು. ಅರ್ಥವಾದರೂ ನಿದ್ದೆ ಬರಬೇಕಲ್ಲ. ತಬಸ್ಸುಮ್ ನಮ್ಮ ಕೋಣೆಯ ಕಿಟಕಿಗೆ ತನ್ನ ದುಪಟ್ಟಾ ಕಟ್ಟಿದಳು, ಮಾವ ತಮ್ಮ ಕೋಣೆಯಲ್ಲಿ ಪಂಚೆ ಕಟ್ಟಿದರು. ಬೆಳಿಗ್ಗೆ ಬೀದಿಯಿಂದ ನೋಡಿದರೆ ನಮ್ಮ ಎರಡು ಕಿಟಕಿಗಳು ಮಾತ್ರ ಬಟ್ಟೆ ಒಣಹಾಕಿದ ಹಾಗೆ ಎದ್ದು ಕಾಣುತ್ತಿದ್ದವು.

ನಮ್ಮನ್ನು ನೋಡಿಕೊಂಡವರು ಮರೈಕೆ. ಐವತ್ತರ ಆಸುಪಾಸಿನ ಎತ್ತರದ ಹೆಂಗಸು, ಪರೀಕ್ಷೆಯ ಉಸ್ತುವಾರಿ ಅವರದೇ. ಕಾಫಿ ಕೊಟ್ಟರು. ಡಬ್ಬಿ ತೆರೆದು ಒಬ್ಬೊಬ್ಬರಿಗೂ ಒಂದೊಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದರು. ಮಾವ ಮುಚ್ಚಿದ ಡಬ್ಬಿಯನ್ನೇ ನೋಡಿ, "ಇನ್ನೊಂದು ತಗೊಳ್ರಿ ಅನ್ನಲ್ವೇನೇ ಇವರು?" ಎಂದು ಪಿಸುಗುಟ್ಟಿದರು. ಅನ್ನುವುದಿಲ್ಲ. ನಾವು ಮೊದಲ ಸಲ ಬೇಡವೆನ್ನುವುದೂ, ಅವರು ಒತ್ತಾಯ ಮಾಡುವುದೂ, ಆಮೇಲೆ ತೆಗೆದುಕೊಳ್ಳುವುದೂ ನಮ್ಮ ಕಡೆಯ ಕ್ರಮ. ಇಲ್ಲಿ ಬೇಡವೆಂದರೆ ಬೇಡ. ಮಾವ ಮೊದಲ ದಿನ ಊಟಕ್ಕೂ ಬೇಡ ಅಂದುಬಿಟ್ಟಿದ್ದರು. ರಾತ್ರಿ ಬ್ಯಾಗಿನ ರೊಟ್ಟಿ, ಶೇಂಗಾ ಚಟ್ನಿಪುಡಿ ಕಾಪಾಡಿದವು.

ಒಣಗುವ ಪರೀಕ್ಷೆ

ಅಂಗಳವೆಂದರೆ ದೊಡ್ಡ ಶೆಡ್ಡು. ಒಂದು ಮಗ್ಗುಲು ಪೂರ್ತಿ ತೆರೆದದ್ದು, ಗಾಳಿ ಒಳಗೆ ಬಂದು ಹೋಗುತ್ತದೆ. ನಡುವೆ ಆ ಯಂತ್ರ. ವಿಡಿಯೋದಲ್ಲಿ ಕಂಡದ್ದಕ್ಕಿಂತ ಸಣ್ಣದು, ಸದ್ದೂ ಕಡಿಮೆ. ಮಾವ ಅದರ ಸುತ್ತ ಎರಡು ಸುತ್ತು ಬಂದು, ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ ಕೈಕಟ್ಟಿ ದೂರ ನಿಂತರು.

ಪರೀಕ್ಷೆಗೆ ಬಂದವರು ನಾಲ್ವರು. ತಬಸ್ಸುಮ್, ಪೋಲೆಂಡಿನ ತೋಮೆಕ್ ಎಂಬ ಹುಡುಗ, ಇನ್ನಿಬ್ಬರು ನೆದರ್ಲೆಂಡಿನವರೇ. ಪ್ರತಿಯೊಬ್ಬರೂ ಕಂಪನಿಯವರು ಕೊಟ್ಟ ಸಿಮೆಂಟು, ಮರಳು, ಪುಡಿಗಳನ್ನು ತಮ್ಮ ಅಂದಾಜಿನಲ್ಲಿ ಕಲಸಬೇಕು, ಯಂತ್ರಕ್ಕೆ ತುಂಬಬೇಕು, ಸೊಂಟದೆತ್ತರದ ಒಂದು ಗೋಡೆ ಎಬ್ಬಿಸಬೇಕು. ಆಮೇಲೆ ಆ ಗೋಡೆಯನ್ನು ಬರೀ ಗಾಳಿಗೆ ಒಣಗಲು ಬಿಡುತ್ತಾರೆ. ಯಾರೂ ಮುಟ್ಟುವಂತಿಲ್ಲ. ಶುಕ್ರವಾರ ಬಂದು ಬಿರುಕು ಎಣಿಸುತ್ತಾರೆ. ಯಾರ ಗೋಡೆ ಕಡಿಮೆ ಬಿರಿದಿದೆಯೋ ಅವರಿಗೆ ಸೀಟು.

ಯಾಕೆ ಹೀಗೆ ಎಂದು ನಾನು ಕೇಳಿದೆ. ಒತ್ತಿದ ಗೋಡೆಗೆ ಸುತ್ತ ಹಲಗೆಯ ಅಚ್ಚು ಇರುವುದಿಲ್ಲ, ಹುಟ್ಟಿದ ಕ್ಷಣದಿಂದ ಅದು ಗಾಳಿಗೆ ಬೆತ್ತಲೆ, ಹಾಗಾಗಿ ಗಾಳಿಯನ್ನು ತಡೆಯುವ ಗಾರೆ ಕಲಸುವುದೇ ಇದರಲ್ಲಿನ ವಿದ್ಯೆ ಎಂದರು ಮರೈಕೆ. ಮಾವನಿಗೆ ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ. ಅವರು ತಲೆದೂಗಿದರು. ತಲೆದೂಗುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಸಂಬಂಧವಿಲ್ಲವೆಂದು ತರಗತಿಯಲ್ಲಿ ದಿನವೂ ನೋಡುವ ನನಗಾದರೂ ಗೊತ್ತಿರಬೇಕಿತ್ತು.

ತಬಸ್ಸುಮ್ ಸೋಮವಾರವಿಡೀ ಮರಳನ್ನೇ ನೋಡುತ್ತಿದ್ದಳು. ಅಲ್ಲಿಯ ಮರಳು ದುಂಡಗೆ, ನುಣ್ಣಗೆ. ನಮ್ಮದು ಕಲ್ಲು ಪುಡಿ ಮಾಡಿದ್ದು, ಚೂಪು. ಮೊದಲ ಪಾಕ ಕೆಟ್ಟಿತು. ಗೋಡೆ ಮೊಳಕಾಲೆತ್ತರಕ್ಕೆ ಬರುವಾಗ ಹೊಟ್ಟೆ ಬಿಟ್ಟು ಕುಸಿಯಿತು. ತೋಮೆಕ್ ಬಂದು ತನ್ನ ಸಲಿಕೆ ಕೊಟ್ಟು ತೆಗೆಯಲು ಕೈಜೋಡಿಸಿದ. ಎರಡನೆಯದು ಮಂಗಳವಾರ ಮಧ್ಯಾಹ್ನ ಎದ್ದಿತು. ಪದರಗಳು ಒಂದರ ಮೇಲೊಂದು ಸಮವಾಗಿ ಕೂತಿದ್ದವು. ಅವಳು ಅದಕ್ಕೆ ಬೆನ್ನು ಮಾಡಿ ನಿಂತು ನನ್ನಿಂದ ಫೋಟೋ ತೆಗೆಸಿಕೊಂಡಳು. ಮುಖದ ತುಂಬ ಗಾರೆ. ಆ ವಾರದಲ್ಲಿ ಅವಳು ನಕ್ಕಿದ್ದನ್ನು ನೋಡಿದ್ದು ಅದೊಂದೇ ಸಲ.

ಬುಧವಾರ ಬೆಳಿಗ್ಗೆ

ಹೊಳಲ್ಕೆರೆಯ ಯಾರ್ಡಿನಲ್ಲಿ ದಿನ ಶುರುವಾಗುವುದು ನೀರು ಹೊಡೆಯುವುದರಿಂದ. ಹಿಂದಿನ ದಿನ ಹಾಕಿದ ರಿಂಗು, ಸ್ಲ್ಯಾಬುಗಳ ಮೇಲೆ ಗೋಣಿ ಹೊದಿಸಿ, ಆ ಗೋಣಿ ಒಣಗದ ಹಾಗೆ ನೋಡಿಕೊಳ್ಳಬೇಕು. ನೀರು ಕುಡಿಯದ ಸಿಮೆಂಟು ಪುಡಿಯಾಗುತ್ತದೆ. ಮಾವ ಯಜಮಾನರಾದ ಮೇಲೂ ಬೆಳಗಿನ ಪೈಪು ತಾವೇ ಹಿಡಿಯುತ್ತಾರೆ. ಸಂಕ್ರಾಂತಿಯಿರಲಿ, ಸಾವಿರಲಿ, ಮೊದಲು ನೀರು, ಆಮೇಲೆ ಚಹಾ. ಬೀಗರ ಮನೆಗೆ ಹೋದಾಗ ಅವರ ಹೊಸ ಮೆಟ್ಟಿಲಿಗೆ ನೀರು ಹೊಡೆದು ಬಂದ ಮನುಷ್ಯ ಇವರು.

ಬುಧವಾರ ನಾನು ಎದ್ದು ಕೆಳಗೆ ಬಂದಾಗ ಮಾವ ಪ್ಯಾಂಟು ಮೊಳಕಾಲವರೆಗೆ ಮಡಚಿ, ಬಾಗಿಲ ಹತ್ತಿರ ಒದ್ದೆ ಕಾಲು ಒರೆಸಿಕೊಳ್ಳುತ್ತಿದ್ದರು. ಮುಖದಲ್ಲಿ ವಾರದಿಂದ ಇಲ್ಲದ ನೆಮ್ಮದಿ.

"ಎಲ್ಲಿಗೆ ಹೋಗಿದ್ರಿ ಮಾವ?"

"ಅಲ್ಲೇ, ಎದುರಿಗೆ. ಎಚ್ಚರಾಗಿತ್ತು, ಸುಮ್ನೆ ಹೋದೆ. ಏನ್ ಜನಾನೇ ಇವರು! ಹಸೀ ಗ್ವಾಡೆ ಹಂಗೇ ಬಿಟ್ಟು ಮಲಗ್ಯಾರೆ. ಬೆಳ್ಳಗೆ ಬಿಳುಚಿಕೊಂಡು ನಿಂತಿದ್ವು. ನೋಡಾಕಾಗ್ಲಿಲ್ಲ. ಅಲ್ಲೇ ನಲ್ಲಿ ಇತ್ತು, ಬಕೆಟ್ಟೂ ಇತ್ತು."

ನಾನು ಬಾಗಿಲಿಂದ ಎದುರಿನ ಶೆಡ್ಡಿನ ಕಡೆ ನೋಡಿದೆ.

"ತಬಸ್ಸುಮ್ ಗೋಡೆಗೆ ನೀರು ಹಾಕಿದ್ರಾ?"

"ಅವಳದಕ್ಕಷ್ಟೇ ಹಾಕಿ ಬರಾಕೆ ನಾನೇನ್ ಮನುಷ್ಯ ಅಲ್ವಾ? ನಾಲ್ಕಕ್ಕೂ ಹಾಕ್ದೆ. ಆ ಪೋಲೆಂಡ್ ಹುಡುಗಂದಂತೂ ತುಂಬ ಒಣಗಿತ್ತು, ಪಾಪ."

ತಬಸ್ಸುಮ್ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೂಗಲಿಲ್ಲ. ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆ ದಾಟಿ ಓಡಿದಳು. ಹಿಂದೆ ನಾನು. ಶೆಡ್ಡಿನಲ್ಲಿ ನಾಲ್ಕು ಗೋಡೆಗಳು ಸ್ನಾನ ಮಾಡಿದ ಮಕ್ಕಳ ಹಾಗೆ ಕಪ್ಪಗೆ ಹೊಳೆಯುತ್ತ ನಿಂತಿದ್ದವು. ಕೆಳಗೆ ನೀರಿನ ಮಡುವು. ಒಂದೊಂದು ಗೋಡೆಯ ಬುಡಕ್ಕೂ ಮಾವ ಕಾಲಿನಿಂದ ಮರಳು ಸರಿಸಿ, ನೀರು ಹರಿದು ಹೋಗದ ಹಾಗೆ ಸಣ್ಣ ಕಟ್ಟೆ ಬೇರೆ ಕಟ್ಟಿದ್ದರು.

ಮರೈಕೆಗೆ ಹೇಳುವ ಮೊದಲು ತಬಸ್ಸುಮ್ ಅಪ್ಪನಿಗೆ ಫೋನ್ ಮಾಡಿದಳು. ಮೊದಲು ಮನೆಮಾತು ಉರ್ದುವಿನಲ್ಲಿ, ಆಮೇಲೆ ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಕನ್ನಡದಲ್ಲಿ. ಖಲಂದರ್ ಸಾಬರು ಪೂರ್ತಿ ಕೇಳಿದರು. ಅತ್ತ ಕಡೆ ಯಾರ್ಡಿನ ಪೈಪಿನ ಸದ್ದು ಬರುತ್ತಿತ್ತು. ಆಮೇಲೆ ಅವರು ಕೇಳಿದ್ದು ಇಷ್ಟೇ: "ನೀರು ಹಾಕಿದ್ದು ಸರಿ, ಗೋಣಿ ಹೊದಿಸಿದ್ರಾ?"

ಅವಳು ಫೋನ್ ಕಟ್ ಮಾಡಿದಳು.

ಕಾಫಿಯ ಮೇಜು

ಅಲ್ಲಿ ಏನೇ ಆದರೂ ಮೊದಲು ಎಲ್ಲರೂ ಒಂದು ಮೇಜಿನ ಸುತ್ತ ಕೂರುತ್ತಾರೆ. ಕಾಫಿ ಬಂತು, ಒಂದೊಂದು ಬಿಸ್ಕತ್ತು ಬಂತು, ಡಬ್ಬಿ ಮುಚ್ಚಿತು. ಮರೈಕೆ, ನಾಲ್ವರು ಪರೀಕ್ಷಾರ್ಥಿಗಳು, ಮಾವ, ನಾನು. ಯಾರೂ ದನಿ ಏರಿಸಲಿಲ್ಲ. ಬೈದಿದ್ದರೆ ನನಗೆ ಸುಲಭವಿತ್ತು.

ನಾನು ತಯಾರಾಗಿ ಹೋಗಿದ್ದೆ. ನೀರು ಹಾಕಬಾರದೆಂದು ಬೋರ್ಡ್ ಇರಲಿಲ್ಲ ಎಂದೆ.

"ಸರಿ," ಎಂದರು ಮರೈಕೆ.

ಶೆಡ್ಡಿಗೆ ಬಾಗಿಲಿಲ್ಲ, ಕಾವಲಿಲ್ಲ, ಅತಿಥಿಗಳನ್ನು ಎದುರಿಗೇ ಇಳಿಸಿದ್ದು ನೀವು ಎಂದೆ.

"ಅದೂ ಸರಿ."

ಲೋಕದ ಬಹುಪಾಲು ಕಡೆ ಸಿಮೆಂಟಿಗೆ ನೀರು ಹಾಕುವುದೇ ಕ್ರಮ, ಹಾಕದಿರುವುದೇ ತಪ್ಪು ಎಂದೆ.

"ನಿಜ. ಈಗ ಗೋಡೆಗಳಿಗೆ ಏನು ಮಾಡೋಣ?"

ಒಪ್ಪಿಕೊಳ್ಳುವ ಎದುರಾಳಿಯ ಜೊತೆ ಹೇಗೆ ವಾದ ಮಾಡಬೇಕೆಂದು ಸಿರಿಗೆರೆಯಲ್ಲಿ ನನಗೆ ಯಾರೂ ಕಲಿಸಿರಲಿಲ್ಲ. ನನ್ನ ಮೂರೂ ವಾದಗಳು ಗೆದ್ದಿದ್ದವು. ನಾಲ್ಕೂ ಗೋಡೆಗಳು ಒದ್ದೆಯಾಗಿಯೇ ಇದ್ದವು. ನನಗೆ ಒಮ್ಮೆಲೇ ತುಂಬ ಸುಸ್ತಾಯಿತು.

ತೋಮೆಕ್ ಮಾವನನ್ನು ನೋಡಿ, ನನ್ನ ಗೋಡೆಗೆ ಯಾಕೆ ಹಾಕಿದಿರಿ ಎಂದು ಕೇಳಿದ. ನಾನು ಮಾವನ ಉತ್ತರವನ್ನು ಇದ್ದ ಹಾಗೇ ಹೇಳಿದೆ: "ಅದು ಒಣಗುತ್ತಿತ್ತು." ತೋಮೆಕ್ ನೆಲ ನೋಡಿದ. ನಗು ತಡೆದುಕೊಂಡನೋ ಸಿಟ್ಟು ತಡೆದುಕೊಂಡನೋ, ಈಗಲೂ ತಿಳಿಯದು.

ಆಗ ಮರೈಕೆ ಒಂದು ದಾರಿ ಹೇಳಿದರು. ಹೊಸದಾಗಿ ಮಾಡಲು ಹೊತ್ತಿಲ್ಲ. ಆದರೆ ನಾಲ್ಕು ಗೋಡೆಗೂ ಒಂದೇ ಹೊತ್ತಿನಲ್ಲಿ, ಒಂದೇ ಅಳತೆ ನೀರು ಬಿದ್ದಿದ್ದರೆ ನಾಲ್ಕೂ ಒಂದೇ ಸಮನಾಗಿ ಕೆಟ್ಟಿವೆ. ಹಾಗಿದ್ದರೆ ಹೋಲಿಕೆಗೆ ಅಡ್ಡಿಯಿಲ್ಲ, ಶುಕ್ರವಾರ ಎಣಿಸಬಹುದು. "ಇವರನ್ನು ಕೇಳಿ. ಒಂದೊಂದಕ್ಕೆ ಎಷ್ಟೆಷ್ಟು ಹಾಕಿದರು?"

ತಬಸ್ಸುಮ್ ತಲೆಯೆತ್ತಿದಳು. ಮಾವ ನಾಲ್ಕಕ್ಕೂ ಹಾಕಿದ್ದೇ ಅವಳನ್ನು ಉಳಿಸಿತಲ್ಲ ಎಂದು ನನಗೂ ಜೀವ ಬಂತು. ಮಾವನನ್ನು ಕೇಳಿದೆ.

"ಎಲ್ಲದಕ್ಕೂ ಎರಡೆರಡು ಬಕೆಟ್," ಎಂದರು ಮಾವ. ಆಮೇಲೆ ಸ್ವಲ್ಪ ತಡೆದು, "ನಮ್ ಹುಡುಗಿದಕ್ಕೆ ಮೂರು."

ಮೇಜಿನ ಸುತ್ತ ಆ ಮಾತು ಅರ್ಥವಾದದ್ದು ನಮ್ಮ ಮೂವರಿಗೆ ಮಾತ್ರ. ಉಳಿದವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಎರಡು ಎನ್ನಬಹುದಿತ್ತು. ಸುಮಾರಾಗಿ ಎರಡು ಎನ್ನಬಹುದಿತ್ತು. ಬಕೆಟ್ ತುಂಬಿತ್ತೋ ಅರ್ಧವೋ ಎಂದು ಹೊಸ ಪ್ರಶ್ನೆ ಎತ್ತಿ, ಆ ಪ್ರಶ್ನೆಯ ಧೂಳಿನಲ್ಲಿ ಮೂರನ್ನು ಮುಚ್ಚಬಹುದಿತ್ತು. ತಬಸ್ಸುಮ್ ನನ್ನನ್ನು ನೋಡಲಿಲ್ಲ. ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನೇ ನೋಡುತ್ತಿದ್ದಳು.

ನಾನು ತಡಮಾಡಿದ್ದು ಮಾವನಿಗೆ ಇಂಗ್ಲಿಷ್ ಪದ ಸಿಗದ ಹಾಗೆ ಕಂಡಿರಬೇಕು. ನನಗೆ ನೆರವಾಗಲೆಂದು ಅವರೇ ಮುಂದೆ ಬಾಗಿ, ಮೂವರು ಪರೀಕ್ಷಾರ್ಥಿಗಳ ಕಡೆ ಎರಡೆರಡು ಬೆರಳು ತೋರಿಸಿದರು. ಆಮೇಲೆ ತಬಸ್ಸುಮ್ ಕಡೆ ತಿರುಗಿ, ಅಭಿಮಾನದಿಂದ, ಮೂರು ಬೆರಳು ಎತ್ತಿದರು.

ಮರೈಕೆ ಆ ಮೂರು ಬೆರಳನ್ನು ನೋಡಿದರು. "ಹಾಗಾದರೆ ಮೂರು ಗೋಡೆಗಳನ್ನು ಹೋಲಿಸುತ್ತೇವೆ. ನಾಲ್ಕನೆಯದನ್ನು ಹೋಲಿಸಲು ಬರುವುದಿಲ್ಲ," ಎಂದರು. "ಕ್ಷಮಿಸಿ, ತಬಸ್ಸುಮ್."

ಹೊರಗೆ ಸೈಕಲ್ಲುಗಳ ಸಾಲಿನ ಹತ್ತಿರ ಅವಳು ಮಾವನನ್ನು ನಿಲ್ಲಿಸಿದಳು.

"ಅಂಕಲ್, ನಂದಕ್ಕೆ ಯಾಕೆ ಮೂರು?"

"ನಮ್ದಲ್ವೇನವ್ವಾ?"

"ನಮ್ದು ಅಂತಾನೇ ಮುಳುಗಿಸಿದ್ರಿ."

ಮಾವ ಮಡಚಿದ ಪ್ಯಾಂಟನ್ನು ಬಗ್ಗಿ ಬಿಡಿಸಿಕೊಂಡರು. ಅವಳು ನನ್ನ ಕಡೆ ತಿರುಗಿದಳು. "ಅಕ್ಕಾ, ನೀವು ಬಾಯಿ ತೆಗೆದಿದ್ರಲ್ಲ, ಎಷ್ಟು ಅಂತ ಹೇಳೋರಿದ್ರಿ?"

"ಗೊತ್ತಿಲ್ಲ," ಎಂದೆ. ನಿಜವಾಗಿಯೂ ಗೊತ್ತಿಲ್ಲ.

ಶುಕ್ರವಾರ

ಎರಡು ದಿನ ನಾವು ಊರು ಸುತ್ತಿದೆವು ಎಂದು ಬರೆಯಬೇಕು. ಸುತ್ತಿದೆವು. ಕಾಲುವೆಗಳಿದ್ದವು, ಮೇಲೆತ್ತುವ ಸೇತುವೆಗಳಿದ್ದವು. ಮನೆಯ ಮೆಟ್ಟಿಲು ಕಿರಿದೆಂದು ಸೋಫಾವನ್ನು ಹಗ್ಗ ಕಟ್ಟಿ ಕಿಟಕಿಯಿಂದ ಒಳಗೆ ಸೇರಿಸುವುದನ್ನು ಮಾವ ರಸ್ತೆಯಲ್ಲಿ ನಿಂತು ನೋಡಿ, "ಎಳೀರಿ! ಬಲಕ್ಕೆ, ಬಲಕ್ಕೆ!" ಎಂದು ಕನ್ನಡದಲ್ಲಿ ನೆರವಾದರು. ಒಂದು ಅಂಗಡಿಯಲ್ಲಿ ಮಜ್ಜಿಗೆ ಸಿಕ್ಕಿತು. ಉಪ್ಪಿಲ್ಲದ, ಮೆಣಸಿನಕಾಯಿಯಿಲ್ಲದ, ದುಃಖದಲ್ಲಿರುವ ಮಜ್ಜಿಗೆ. ಮೂವರೂ ಕುಡಿದೆವು. ಯಾರೂ ಚೆನ್ನಾಗಿದೆ ಅನ್ನಲಿಲ್ಲ, ಯಾರೂ ಚೆನ್ನಾಗಿಲ್ಲ ಅನ್ನಲಿಲ್ಲ. ನಾನು ಯಾವುದಕ್ಕೂ ಎದುರಾಡದೆ ಅಷ್ಟು ಹೊತ್ತು ಇದ್ದದ್ದು ಅದೇ ಮೊದಲು.

ಶುಕ್ರವಾರ ಭೂತಗನ್ನಡಿ ಹಿಡಿದು ಎಣಿಸಿದರು. ಮೂವರಲ್ಲಿ ತೋಮೆಕ್‌ನ ಗೋಡೆ ಮೇಲು, ಸೀಟು ಅವನಿಗೆ. ಎಲ್ಲ ಮುಗಿದ ಮೇಲೆ ಮರೈಕೆ ಯಾರೂ ಹೇಳದೆಯೇ ತಬಸ್ಸುಮ್‌ಳ ಗೋಡೆಯ ಮುಂದೆ ಕೂತರು. ಆ ಕೊನೆಯಿಂದ ಈ ಕೊನೆಯವರೆಗೆ ನೋಡಿದರು. ಮತ್ತೊಮ್ಮೆ ನೋಡಿದರು. ಕೆಳಗಿನ ಮೂಲೆಯಲ್ಲಿ ಕೂದಲೆಳೆಯಂಥ ಒಂದು ಗೆರೆ ಬಿಟ್ಟರೆ ಅದರಲ್ಲಿ ಬಿರುಕೇ ಇರಲಿಲ್ಲ.

"ಇದು ನನ್ನ ಪಾಕದಿಂದಲೋ, ಮೂರನೇ ಬಕೆಟ್ಟಿನಿಂದಲೋ?" ಎಂದು ಕೇಳಿದಳು ತಬಸ್ಸುಮ್.

"ನನಗೆ ಗೊತ್ತಿಲ್ಲ," ಎಂದರು ಮರೈಕೆ. "ಈ ಗೋಡೆಯಿಂದ ಯಾರಿಗೂ ಗೊತ್ತಾಗುವುದಿಲ್ಲ."

ಇದನ್ನು ಕನ್ನಡದಲ್ಲಿ ಹೇಳಿದಾಗ ಮಾವ ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟರು. ಹಾಗೇ ನಿಂತು, "ದುಡ್ಡು ಕೊಟ್ಟು ಕಲಿಯೋ ಸೀಟು ಇಲ್ವಾ ಅಂತ ಕೇಳೇ," ಎಂದರು.

ಇತ್ತು. ಅದಕ್ಕೆ ಪರೀಕ್ಷೆಯಿಲ್ಲ. ಮಾವ ಯಂತ್ರಕ್ಕೆಂದು ಕೂಡಿಟ್ಟದ್ದರಲ್ಲಿ ಯಂತ್ರವೂ ಸೀಟೂ ಎರಡೂ ಬರುವುದಿಲ್ಲ, ಯಾವುದಾದರೂ ಒಂದು ಬರುತ್ತದೆ. ಲೆಕ್ಕ ಹೇಳಲು ನನಗೆ ಎರಡೇ ವಾಕ್ಯ ಸಾಕಾಯಿತು.

"ಸೀಟೇ ಇರ್ಲಿ," ಎಂದರು ಮಾವ.

ತಬಸ್ಸುಮ್ ಕುಣಿದಾಡಲಿಲ್ಲ. "ಅಂಕಲ್, ಮೊದ್ಲೇ ಹೇಳ್ತೀನಿ. ಕಲ್ತು ವಾಪಸ್ ಬಂದು ನಿಮ್ ಯಾರ್ಡಲ್ಲೇ ಇರ್ತೀನಿ ಅಂತ ಬರ್ಕೊಡಲ್ಲ."

"ಬರ್ಕೊಡು ಅಂದ್ನಾ? ನಿಮ್ಮಪ್ಪ ಇಷ್ಟು ವರ್ಷ ಬರ್ಕೊಟ್ಟು ಇದ್ದಾನಾ?"

ವಾಪಸ್ಸು

ಹೊರಟಾಗಿನಿಂದ ಯಂತ್ರ ಬೇಡ, ಯಂತ್ರ ಬೇಡ ಎಂದವಳು ನಾನು. ಯಂತ್ರ ಬರಲಿಲ್ಲ. ಗೆದ್ದವಳ ಹಾಗೆ ಕಾಲು ಚಾಚಿ ಕೂರಬೇಕಿತ್ತು. ವಿಮಾನ ಏರುತ್ತಿದ್ದಂತೆ ನನ್ನ ತಲೆ ಮತ್ತೆ ಎದುರು ಬೆಂಚಿಗೆ ಹೋಯಿತು. ತಬಸ್ಸುಮ್ ಹಿಂದಿನ ಸಾಲಿನಲ್ಲಿ ಮಲಗಿದ್ದಳು. ನಾನು ಮಾವನಿಗೆ ತಗ್ಗಿದ ದನಿಯಲ್ಲಿ ಹೇಳತೊಡಗಿದೆ.

ಯಂತ್ರವಾದರೆ ಯಾರ್ಡಿನಲ್ಲಿ ಬೋಲ್ಟ್ ಹಾಕಿ ನಿಲ್ಲಿಸಬಹುದು. ಮನುಷ್ಯರಿಗೆ ಬೋಲ್ಟ್ ಹಾಕಲು ಬರುತ್ತದೆಯೇ? ಅವಳು ಅಲ್ಲೇ ಉಳಿದರೆ? ವಾಪಸ್ ಬಂದರೂ ಕೈಯಲ್ಲಿ ವಿದ್ಯೆ ಇದ್ದು ಯಂತ್ರ ಇಲ್ಲದಿದ್ದರೆ ಏನು ಮಾಡುತ್ತಾಳೆ? ಎಲ್ಲಕ್ಕಿಂತ ಮುಖ್ಯ, ಆ ಗೋಡೆ ಬಿರಿಯದಿದ್ದದ್ದು ಅವಳ ಕೈಗುಣ ಅಂತ ನಿಮಗೆ ಹೇಗೆ ಗೊತ್ತು? ನಿಮ್ಮ ಮೂರನೇ ಬಕೆಟ್ಟೇ ಅದನ್ನು ಉಳಿಸಿದ್ದರೆ? ಹಾಗಿದ್ದರೆ ನೀವು ಸೀಟು ಕೊಡಿಸಿದ್ದು ಬಕೆಟ್ಟಿಗೆ.

ಕೊನೆಯದು ನಿಜಕ್ಕೂ ಒಳ್ಳೆಯ ವಾದವಾಗಿತ್ತು. ಉತ್ತರಕ್ಕೆ ತಿರುಗಿ ನೋಡಿದೆ. ಮಾವ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು. ಯಾವಾಗಿನಿಂದಲೋ ತಿಳಿಯದು. ನನಗೂ ಇನ್ನೊಂದು ಸಲ ಹೇಳುವ ಶಕ್ತಿಯಿರಲಿಲ್ಲ. ಅವರ ಕಂಬಳಿ ಸರಿಮಾಡಿ ಕಣ್ಣು ಮುಚ್ಚಿದೆ.

ಚಿತ್ರದುರ್ಗ

ವೀಸಾದ ಓಡಾಟ ಮುಗಿಯುವಾಗ ಬೇಸಿಗೆ ಬಂದಿತ್ತು. ತಬಸ್ಸುಮ್ ಈ ಸಲ ಒಬ್ಬಳೇ ಹೊರಟಳು. ಕೋಟೆಯ ಕೆಳಗಿನ ಅವರ ಮನೆಗೆ ನಾನು, ಮಾವ ಹೋದಾಗ ಖಲಂದರ್ ಸಾಬರು ಮಗಳ ಸೂಟ್‌ಕೇಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. "ಬರ್ರಿ ರುದ್ರಣ್ಣಾ, ಕುಂತ್ಕಳ್ರಿ," ಎಂದು ತಿರುಗಿ ನೋಡದೆಯೇ ಹೇಳಿದರು. ಹೊಸದೊಂದು ಗೋಣಿಚೀಲವನ್ನು ಒಗೆದು, ಒಣಗಿಸಿ, ಸೀರೆಯ ಹಾಗೆ ಮಡಚಿ, ಬಟ್ಟೆಗಳ ಮೇಲೆ ಇಡುತ್ತಿದ್ದರು.

"ಅಬ್ಬಾಜಾನ್, ಅಲ್ಲಿ ಇದು ಬೇಕಾಗಲ್ಲ," ಎಂದಳು ಮಗಳು.

"ಇರ್ಲಿ ಬಿಡು. ಅಲ್ಲಿ ಸಿಗಲ್ವಂತೆ."

ಗೋಣಿಯ ತೂಕಕ್ಕೆ ಎರಡು ಪುಸ್ತಕ ಹಿಡಿಯುತ್ತವೆ ಎನ್ನಲು ಹೋದೆ. ಮಾವ ನನ್ನ ಮೊಣಕೈ ಒತ್ತಿದರು.

ಅವಳು ಹೋಗಿ ಇಷ್ಟು ದಿನವಾಯಿತು. ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಮಾವನನ್ನು ಕೇಳಿದರೆ "ಮೊದ್ಲು ಕಲೀಲಿ" ಅನ್ನುತ್ತಾರೆ. ಯಾರ್ಡಿನಲ್ಲಿ ರಿಂಗು, ಸ್ಲ್ಯಾಬು ಮೊದಲಿನ ಹಾಗೆಯೇ ಏಳುತ್ತಿವೆ. ಹೋದ ವಾರ ನಾನು ಹೊಳಲ್ಕೆರೆಗೆ ಹೋದಾಗ ಅವಳು ಕಳಿಸಿದ ಫೋಟೋ ಬಂದಿತ್ತು. ಅವಳ ಬಾಡಿಗೆ ಕೋಣೆ, ಅದೇ ಗೋಡೆಯಗಲದ ಕಿಟಕಿ. ಕಿಟಕಿಗೆ ಅಡ್ಡಲಾಗಿ, ಹೊಲಿಗೆ ಬಿಚ್ಚಿ ಅಗಲ ಮಾಡಿದ ಅಪ್ಪನ ಗೋಣಿ. ಅದರ ಎಳೆಗಳ ನಡುವಿನಿಂದ ಅಲ್ಲಿಯ ಬೂದು ಬೆಳಕು ಒಳಗೆ ಬರುತ್ತಿತ್ತು.

ಮಾವ ನೋಡಿ ಜೋರಾಗಿ ನಕ್ಕರು. ಪೈಪು ಹಿಡಿದಿದ್ದ ಖಲಂದರ್ ಸಾಬರನ್ನು ಕೂಗಿ ಕರೆದು ಫೋನ್ ಕೊಟ್ಟರು. ಅವರು ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ಫೋನನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದರು. ಮಗಳು ಫೋಟೋದಲ್ಲಿ ಇರಲಿಲ್ಲ, ಕಿಟಕಿ ಮಾತ್ರ ಇತ್ತು.

"ಗೋಣಿ ಒಣಗಿಬಿಟ್ಟೈತಲ್ಲ," ಎಂದರು.